ಗಾಜಿಗಂಟಿದ ಪಾದರಸ

“ಸೊನ್ನೆ,” ಎಂದ ಸೊನ್ನೆ ಸಾಹೇಬ. “ಎಳ್ಳಷ್ಟೂ ಇಲ್ಲ.”

ಬಾಟ್ಲಿ ಅಕ್ಕ ಯಂತ್ರದ ಪುಟ್ಟ ಪರದೆಯನ್ನೇ ನೋಡುತ್ತ ನಿಂತಳು. ಪಾದರಸ ಬಳಸಿ ಕಾಸ್ಟಿಕ್ ಸೋಡಾ ಮಾಡುವ ಕಾರ್ಖಾನೆಯ ಚರಂಡಿಯಿಂದ ಅವಳು ಹಿಡಿದು ತಂದ ನೀರಿನಲ್ಲಿ ಪಾದರಸವಿಲ್ಲವೆಂದು ಈ ಯಂತ್ರ ತಿಂಗಳುಗಟ್ಟಲೆ ಹೇಳುತ್ತ ಬಂದಿತ್ತು. ಅವಳೂ ಪ್ರತಿ ಸಲ ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಮನೆಗೆ ಹೋಗುತ್ತಿದ್ದಳು. ಇವತ್ತು ಮಾತ್ರ ಅವಳು ಹೊರಡಲಿಲ್ಲ.

ಏಕೆಂದರೆ ಈ ಬಾಟ್ಲಿಯಲ್ಲಿ ಪಾದರಸ ಇದ್ದೇ ಇತ್ತು. ಹಾಕಿದವಳು ಅವಳೇ.

“ಟೀ ಇಡ್ತೀನಿ, ಕೂತಿರು,” ಎಂದು ಸೊನ್ನೆ ಸಾಹೇಬ ಎಂದಿನಂತೆ ಹೊರಕೋಣೆಗೆ ಹೋದ. ಅವಳು ಯಂತ್ರದ ಎದುರಿನ ಸ್ಟೂಲಿನ ಮೇಲೆ ಕೂತಳು. ಕಾಲು ಬರಿಗಾಲು. ಈ ಪ್ರಯೋಗಾಲಯದಲ್ಲಿ ಚಪ್ಪಲಿ, ಚೀಲ, ಕೊಡೆ ಎಲ್ಲವನ್ನೂ ಹೊರಕೋಣೆಯಲ್ಲೇ ಬಿಟ್ಟು ಬರಬೇಕು. ಹೊರಗಿನ ಒಂದು ಚಿಟಿಕೆ ಧೂಳು ಒಳಗೆ ಬಂದರೂ ಅಳತೆ ಕೆಡುತ್ತದೆಂದು ಸಾಹೇಬ ಮಾಡಿದ ನಿಯಮ ಅದು. ಟೀಗೆ ಮಾತ್ರ ಒಳಗೆ ಪ್ರವೇಶವಿತ್ತು. ನಿಯಮ ಮಾಡಿದವನು ಟೀ ಕುಡಿಯುವವನೇ ಆದರೆ ಇನ್ನೇನಾಗುತ್ತದೆ?

ಬೆಳಿಗ್ಗೆ ಬಂದೊಡನೆ ಯಂತ್ರವನ್ನು ಸೊನ್ನೆಗೆ ತಂದು ನಿಲ್ಲಿಸುವವರೆಗೂ ಯಾರ ಜೊತೆಗೂ ಮಾತನಾಡದ ರಸಾಯನತಜ್ಞ ಅವನು. ಅದಕ್ಕೇ ಮಾಲಿನ್ಯ ನಿಯಂತ್ರಣ ಇಲಾಖೆ ಅವನಿಗೆ ಆ ಹೆಸರಿಟ್ಟಿತ್ತು. ಯಾವಾಗ ನೋಡಿದರೂ ಗಾಜಿನ ಬಾಟ್ಲಿಗಳ ಪೆಟ್ಟಿಗೆ ಹೊತ್ತು ಹೊಳೆ, ಕಾಲುವೆ, ಮೋರಿ ಎಂದು ಅಲೆಯುವ ತನಿಖಾಧಿಕಾರಿಣಿ ಬಾಟ್ಲಿ ಅಕ್ಕ ಆದಳು. ಇಬ್ಬರೂ ಒಂದೇ ಕಾಲೇಜಿನಲ್ಲಿ ಓದಿದವರು. ಗಂಡ ತೀರಿಕೊಂಡ ಮೇಲೆ “ಊಟ ಆಯ್ತಾ?” ಎಂದು ಅವಳನ್ನು ಕೇಳುವವರು ಈ ಊರಿನಲ್ಲಿ ಇಬ್ಬರೇ ಉಳಿದಿದ್ದರು. ಒಬ್ಬ ಇವನು. ಇನ್ನೊಬ್ಬ ಅವಳ ಮೈದುನ.

ನಾಳೆ ಬೆಳಿಗ್ಗೆ ಕಾರ್ಖಾನೆಯ ಪರವಾನಗಿಯ ವಿಚಾರಣೆ. ಪಾದರಸ ಸಿಗದಿದ್ದರೆ ಮೇಲಧಿಕಾರಿ ಕಣ್ಣು ಮುಚ್ಚಿಕೊಂಡು ಸಹಿ ಹಾಕುತ್ತಾರೆ. ಚರಂಡಿ ಹಾಗೇ ಹೊಳೆಗೆ ಹರಿಯುತ್ತದೆ. ಹೊಳೆಯ ಕೆಳಗಿನ ಬೀದಿಗಳಲ್ಲಿ ಜನ ಅದೇ ಹೊಳೆಯ ಮೀನು ತಿನ್ನುತ್ತಾರೆ. ಮೀನಿನಿಂದ ಪಾದರಸ ಮೈಗೆ ಸೇರಿದರೆ ಕೈ ನಡುಗಲು ಶುರುವಾಗುತ್ತದೆ. ಅಲ್ಲಿನ ಟೈಲರ್ ಹೆಂಗಸೊಬ್ಬಳು ಕಚೇರಿಗೆ ಬಂದು, ಒಂದು ಮಾತೂ ಆಡದೆ ಸೂಜಿ ದಾರ ಹೊರತೆಗೆದು, ಪೋಣಿಸಲು ಹೋಗಿದ್ದಳು. ಕೈ ನಡುಗಿ ನಡುಗಿ ದಾರ ಸೂಜಿಯ ಕಣ್ಣಿನ ಸುತ್ತಲೇ ತಿರುಗಿತ್ತು. “ಇದೇ ನನ್ನ ಅರ್ಜಿ,” ಎಂದು ಹೇಳಿ ಎದ್ದು ಹೋಗಿದ್ದಳು. ಆ ಕೈ ಅಂದಿನಿಂದ ಬಾಟ್ಲಿ ಅಕ್ಕನ ಕಣ್ಣ ಮುಂದೆಯೇ ಇತ್ತು.

ಸೊನ್ನೆ ಸಾಹೇಬ ಎರಡು ಲೋಟ ಹಿಡಿದು ಬಂದ. ಕೈಗೆ ರಬ್ಬರ್ ಕೈಗವಸು.

“ಟೀಗೂ ಗ್ಲೌಸಾ?” ಎಂದಳು. “ಸ್ನಾನಕ್ಕಾದ್ರೂ ತೆಗೀತೀಯೋ ಇಲ್ವೋ?”

“ಅಭ್ಯಾಸ,” ಎಂದು ಅವನು ನಕ್ಕ. “ನೀನ್ಯಾಕೆ ದೆವ್ವ ನೋಡಿದೋರ ಥರ ಕೂತಿದೀಯ?”

ಅವಳು ಲೋಟ ಮುಟ್ಟಲಿಲ್ಲ. “ಆ ಬಾಟ್ಲೀಲಿ ಇರೋದು ಚರಂಡಿ ನೀರಲ್ಲ. ಶುದ್ಧ ನೀರಿಗೆ ನಾನೇ ಪಾದರಸದ ದ್ರಾವಣ ಅಳೆದು ಹಾಕಿದ್ದೆ. ಚೀಟಿ ಮಾತ್ರ ಕಾರ್ಖಾನೇದು ಅಂಟಿಸಿದ್ದೆ.”

ಸೊನ್ನೆ ಸಾಹೇಬನ ಲೋಟ ತುಟಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು.

“ಅಂದ್ರೆ ನನ್ನನ್ನ ಪರೀಕ್ಷೆ ಮಾಡಿದ್ಯಾ?”

“ಎಲ್ಲರನ್ನೂ ಮಾಡಿದೆ. ಪೆಟ್ಟಿಗೆ ಹೊತ್ತು ತರೋ ಡ್ರೈವರ್ ಬಾಟ್ಲಿ ಬದಲಾಯಿಸಿದ್ದಾನಾ ಅಂತ ಮುಚ್ಚಳಕ್ಕೆ ಅರಗು ಹಾಕಿದ್ದೆ. ಅರಗು ಒಡೆದಿರಲಿಲ್ಲ, ನಿನ್ನ ಎದುರೇ ಒಡೆದೆ. ಇನ್ನು ಉಳಿದಿರೋದು ನಿನ್ನ ಯಂತ್ರ, ನೀನು.” ಅವಳು ಪರದೆಯತ್ತ ಬೆರಳು ಮಾಡಿದಳು. “ಹೇಳು. ಪಾದರಸ ಎಲ್ಲಿಗೆ ಹೋಯ್ತು?”

ಹೊರಗೆ ಬೀದಿಯಲ್ಲಿ ಯಾರೋ ಕಬ್ಬಿಣದ ಬಾಗಿಲು ಎಳೆದು ಅಂಗಡಿ ಮುಚ್ಚಿದರು. ಸೊನ್ನೆ ಸಾಹೇಬ ಲೋಟವನ್ನು ಮೇಜಿನ ಮೇಲಿಟ್ಟ. ಸಿಟ್ಟು ಬಂದಿದೆಯೋ, ನೋವಾಗಿದೆಯೋ ಅವಳಿಗೆ ತಿಳಿಯಲಿಲ್ಲ. ಅವನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಆ ಬಾಟ್ಲಿ ಕೊಡು,” ಎಂದ.

ಅವನು ಬಾಟ್ಲಿಯಲ್ಲಿ ಉಳಿದಿದ್ದ ನೀರನ್ನು ಪೂರ್ತಿ ಚೆಲ್ಲಿದ. ಖಾಲಿ ಬಾಟ್ಲಿಗೆ ಕಪಾಟಿನಿಂದ ನೈಟ್ರಿಕ್ ಆಸಿಡ್ ತೆಗೆದು ಒಂದು ಗುಟುಕಿನಷ್ಟು ಹಾಕಿದ. ಮುಚ್ಚಳ ಬಿಗಿದು ಮೆಲ್ಲಗೆ ಹೊರಳಿಸಿದ. ಆಸಿಡ್ ಗಾಜಿನ ಒಳಗೋಡೆಗೆಲ್ಲ ತಾಗುವಂತೆ ಮತ್ತೆ ಮತ್ತೆ ಹೊರಳಿಸಿದ. ಆಮೇಲೆ ಅದಕ್ಕೆ ನೀರು ಬೆರೆಸಿ ತೆಳುಮಾಡಿ ಯಂತ್ರಕ್ಕೆ ಕೊಟ್ಟ.

ಪರದೆಯ ಅಂಕಿ ಮಿಸುಕಿತು. ಮೇಲೇರಿತು. ಇನ್ನೂ ಮೇಲೇರಿತು.

ಬಾಟ್ಲಿ ಅಕ್ಕ ಸ್ಟೂಲಿನಿಂದ ಎದ್ದೇಬಿಟ್ಟಳು.

“ಗಾಜಿಗೆ ಅಂಟಿಕೊಂಡಿತ್ತು,” ಎಂದ ಅವನು. “ನೀರು ಹಿಡಿದ ತಕ್ಷಣ ಆಸಿಡ್ ಹಾಕದಿದ್ರೆ ಪಾದರಸ ನೀರಲ್ಲಿ ನಿಲ್ಲಲ್ಲ. ಬಾಟ್ಲಿಗಳು ಸರದಿ ಬರೋವರೆಗೆ ವಾರಗಟ್ಟಲೆ ಕಾಯ್ತವೆ. ಅಷ್ಟರಲ್ಲಿ ಎಲ್ಲ ಗೋಡೆ ಹಿಡಿದಿರುತ್ತೆ. ಇದು ನಿನಗೆ ಗೊತ್ತಿಲ್ಲದ್ದೇನಲ್ಲ.”

“ಆಸಿಡ್ ಹಾಕಿದ್ದೆ ಕಣೋ! ಪ್ರತಿ ಸಲ, ನನ್ನ ಕೈಯಾರೆ ಹಾಕಿದೀನಿ!”

“ಯಾವ ಆಸಿಡ್?”

ಅವಳು ಹೊರಕೋಣೆಗೆ ಓಡಿ, ಬಾಗಿಲ ಕೊಕ್ಕೆಗೆ ನೇತುಹಾಕಿದ್ದ ತನ್ನ ಚೀಲದಿಂದ ಕಂದು ಬಣ್ಣದ ಸಣ್ಣ ಶೀಸೆ ತಂದಳು. ಸೊನ್ನೆ ಸಾಹೇಬ ಒಂದು ನೀಲಿ ಲಿಟ್ಮಸ್ ಕಾಗದ ಅವಳ ಮುಂದಿಟ್ಟ. ಶಾಲೆಯ ಮಕ್ಕಳೂ ಮಾಡುವ ಪರೀಕ್ಷೆ. ಆಸಿಡ್ ತಾಗಿದರೆ ಕಾಗದ ಕೆಂಪಾಗಬೇಕು.

ಹನಿ ಬಿತ್ತು. ಕಾಗದ ಒದ್ದೆಯಾಯಿತು. ನೀಲಿಯಾಗಿಯೇ ಉಳಿಯಿತು.

ಶೀಸೆಯಲ್ಲಿದ್ದದ್ದು ಬರೀ ನೀರು.

ಬಾಟ್ಲಿ ಅಕ್ಕ ತನ್ನ ಬೆರಳುಗಳನ್ನು ನೋಡಿಕೊಂಡಳು. ನೈಟ್ರಿಕ್ ಆಸಿಡ್ ಚರ್ಮಕ್ಕೆ ಸೋಕಿದರೆ ಹಳದಿ ಕಲೆ ಕೂರುತ್ತದೆ, ಉಜ್ಜಿದರೂ ಹೋಗುವುದಿಲ್ಲ. ಕೆಲಸಕ್ಕೆ ಸೇರಿದಾಗಿನಿಂದ ಅವಳ ಬೆರಳ ತುದಿ ಹಳದಿಯಾಗಿಯೇ ಇತ್ತು. ಈಗ ನೋಡಿದರೆ ಹಸುಗೂಸಿನ ಕೈಯಷ್ಟು ಸ್ವಚ್ಛ. ಎಷ್ಟು ತಿಂಗಳಿಂದ ಹೀಗಿದೆ? ಅವಳು ಗಮನಿಸಿಯೇ ಇರಲಿಲ್ಲ. ಒಬ್ಬರೇ ಇರುವವರು ತಮ್ಮ ಕೈಯನ್ನು ತಾವೇ ಎಷ್ಟೆಂದು ನೋಡಿಕೊಂಡಾರು!

ಗಮನಿಸಿದ್ದವನು ಒಬ್ಬನಿದ್ದ. “ಅತ್ತಿಗೆ, ಈಗೀಗ ನಿಮ್ಮ ಕೈ ಎಷ್ಟು ಚೆನ್ನಾಗಿದೆ,” ಎಂದಿದ್ದ ಮೈದುನ. ಆ ಮಾತಿಗೆ ಅವಳು ಹಿಗ್ಗಿ, ಮಾರನೇ ದಿನ ಕೈಗೆ ಹಚ್ಚುವ ಕ್ರೀಮು ಕೊಂಡು ತಂದಿದ್ದಳು.

“ಈ ಶೀಸೆ ಯಾರ ಕೈಗೆ ಸಿಗುತ್ತೆ?” ಸೊನ್ನೆ ಸಾಹೇಬನ ದನಿ ಮೆತ್ತಗಿತ್ತು.

“ಯಾರ ಕೈಗೂ ಇಲ್ಲ. ಚೀಲ ಬಿಟ್ಟು ನಾನು ಎಲ್ಲಿಗೂ ಹೋಗಲ್ಲ.”

“ಮನೇಲಿ?”

“ಮನೇಲಿ ಯಾರಿದಾರೆ ನನ್ನ ಬಿಟ್ಟು?”

“ಯಾರೂ ಬರೋದೇ ಇಲ್ವಾ?”

“ವಾರಕ್ಕೊಂದು ಸಲ ಮೈದುನ ಬರ್ತಾನೆ. ಊಟ ಮಾಡ್ಕೊಂಡು ಹೋಗ್ತಾನೆ.”

“ಏನು ಕೆಲಸ ಅವನದು?”

“ಲಾರಿ ಓಡಿಸ್ತಾನೆ.”

“ಏನು ತುಂಬ್ಕೊಂಡು ಹೋಗುತ್ತೆ ಆ ಲಾರಿ?”

ಅವಳು ಶೀಸೆಯನ್ನು ಮೇಜಿನ ಮೇಲೆ ಇಟ್ಟುಬಿಟ್ಟಳು. ಉಪ್ಪು. ಕಾಸ್ಟಿಕ್ ಸೋಡಾ ಮಾಡಲು ಬೇಕಾಗುವುದೇ ಉಪ್ಪು. ಮೈದುನನ ಲಾರಿ ದಿನ ಬೆಳಗಾದರೆ ಆ ಕಾರ್ಖಾನೆಯ ಗೇಟಿನೊಳಗೆ ಹೋಗಿ ಬರುತ್ತಿತ್ತು. ಈವರೆಗೆ ಅವಳಿಗೆ ಅದು ಅನ್ನಕ್ಕೆ ದಾರಿ ಎಂದಷ್ಟೇ ಕಂಡಿತ್ತು.

ಸೊನ್ನೆ ಸಾಹೇಬ ಮತ್ತೇನೂ ಕೇಳಲಿಲ್ಲ. ಅವಳ ಶೀಸೆಯನ್ನು ತೊಳೆದು, ಅವಳ ಎದುರೇ ನಿಜವಾದ ಆಸಿಡ್ ತುಂಬಿ, ಲಿಟ್ಮಸ್ ಕೆಂಪಾಗುವುದನ್ನು ತೋರಿಸಿ, ಇನ್ನೊಂದು ನೀಲಿ ಕಾಗದದ ಜೊತೆ ಕೈಗಿಟ್ಟ. ಗೋಡೆಯ ಉದ್ದಕ್ಕೂ ಇದ್ದ ಕಪಾಟಿನತ್ತ ಕತ್ತು ಹೊರಳಿಸಿದ. ಫೈಲು ಮುಚ್ಚುವವರೆಗೆ ಮಾದರಿ ಬಾಟ್ಲಿಗಳನ್ನು ಎಸೆಯಬಾರದು ಎಂಬುದು ಇಲಾಖೆಯ ನಿಯಮ. ಕಾರ್ಖಾನೆಯ ಚರಂಡಿಯಿಂದ ಬಂದ ಎಲ್ಲ ಬಾಟ್ಲಿಗಳೂ ಅಲ್ಲಿ ಸಾಲಾಗಿ ನಿಂತಿದ್ದವು.

“ಇಷ್ಟು ದಿನದ ಪಾದರಸ ಎಲ್ಲ ಆ ಗಾಜುಗಳ ಮೇಲೇ ಇದೆ,” ಎಂದ. “ನಾನು ಕೂತು ಒಂದೊಂದನ್ನೇ ಆಸಿಡ್‌ನಲ್ಲಿ ಹೊರಳಿಸಿ ಯಂತ್ರದಲ್ಲಿ ಅಳೀತೀನಿ. ನಾಳೆ ವಿಚಾರಣೆ ಹೊತ್ತಿಗೆ ನಿನ್ನ ಕೈಲಿ ಅಂಕಿ ಇರುತ್ತೆ. ನೀನು ಮನೆಗೆ ಹೋಗು. ಅವನು ಇವತ್ತು ಬರ್ತಾನಾ?”

“ಬರ್ತಾನೆ.”

“ಹಾಗಿದ್ರೆ ನೋಡು. ಏನೂ ಗೊತ್ತಿಲ್ಲದ ಹಾಗಿರು. ಊಟ ಮಾಡು, ಮರೀಬೇಡ.”

ಇವನ ಮೇಲೆ ಅನುಮಾನಪಟ್ಟೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದಾಗ ಕಣ್ಣು ಮಂಜಾಗಿತ್ತು.

ಸಂಜೆಯ ಬೀದಿಯಲ್ಲಿ ಎಲ್ಲರೂ ಯಾರದೋ ಮನೆಗೆ, ಯಾರನ್ನೋ ಸೇರಲು ಹೋಗುತ್ತಿದ್ದರು. ಬಾಟ್ಲಿ ಅಕ್ಕನ ಮನೆ ಮೂರನೇ ಮಹಡಿಯಲ್ಲಿತ್ತು. ಬೀಗ ತೆಗೆದು ದೀಪ ಹಾಕಿದಳು. ಮಂಚದ ಅರ್ಧ ಭಾಗದಲ್ಲಿ ಇಸ್ತ್ರಿಯಾಗದ ಬಟ್ಟೆಗಳ ರಾಶಿ ಎಂದಿನಂತೆ ಮಲಗಿತ್ತು. ಅದು ಗಂಡ ಮಲಗುತ್ತಿದ್ದ ಜಾಗ. ಖಾಲಿ ಬಿಟ್ಟರೆ ನಿದ್ದೆ ಬರುವುದಿಲ್ಲವೆಂದು ಅವಳು ಬೇಕೆಂದೇ ಅಲ್ಲಿ ಬಟ್ಟೆ ಹಾಕುತ್ತಿದ್ದಳು.

ಒಲೆಯ ಮೇಲೆ ಅನ್ನಕ್ಕಿಟ್ಟಳು. “ನೀನಾದ್ರೂ ಹೇಳೇ, ಅವನು ಅಂಥೋನಾ?” ಎಂದು ಕುಕ್ಕರನ್ನು ಕೇಳಿದಳು. ಕುಕ್ಕರು ಅವಳ ಮಾತಿಗೆಲ್ಲ ಸೀಟಿ ಹೊಡೆಯುತ್ತಿತ್ತು, ಇವತ್ತು ಅದೂ ಇಲ್ಲ. ಆಮೇಲೆ ಗೊತ್ತಾಯಿತು, ಅವಳು ಒಲೆಯನ್ನೇ ಹಚ್ಚಿರಲಿಲ್ಲ.

ಬಾಗಿಲು ಬಡಿಯಿತು.

“ಅತ್ತಿಗೇ!” ಮೈದುನನದು ಕಟ್ಟಡವಿಡೀ ಕೇಳುವ ಗಂಟಲು. ಲಾರಿಯ ಸದ್ದಿನ ಮೇಲೆ ಮಾತನಾಡಿ ರೂಢಿಯಾದವನು. ನಗುವಾಗ ಅಣ್ಣನ ಹಾಗೇ ಅವನ ಎಡಗಣ್ಣು ಮೊದಲು ಮುಚ್ಚುತ್ತಿತ್ತು. ಆ ಒಂದು ಕಣ್ಣನ್ನು ನೋಡಲೆಂದೇ ಅವಳು ವಾರವಿಡೀ ಕಾಯುತ್ತಿದ್ದಳು ಎಂದರೆ ಸುಳ್ಳಲ್ಲ.

ಅವನು ಕೂತ. ಅವಳು ನಿಂತೇ ಇದ್ದಳು.

“ಯಾಕೆ ಮುಖ ಬಾಡಿದೆ?”

“ನಾಳೆ ನಿಮ್ಮ ಕಾರ್ಖಾನೆ ವಿಚಾರಣೆ ಇದೆ,” ಎಂದಳು. “ಅದಕ್ಕೆ ಮೊದಲು ಕೊನೇ ಸಲ ನೀರು ಹಿಡೀಬೇಕು. ಹೊಸ ಆಸಿಡ್ ತಂದಿದೀನಿ, ಚೀಲದಲ್ಲಿದೆ.”

ಗಾಳ ಹಾಕಿದ್ದಾಯಿತು. ಹಾಕಿದ ಕೈಗೇ ಅದು ಚುಚ್ಚಿದಂತಿತ್ತು.

“ನಮ್ಮ ಕಾರ್ಖಾನೆ ಅಂತೀರಲ್ಲ, ನಾನೇನು ಅದರ ಮಾಲೀಕನಾ?” ಅವನು ನಗೆಯಾಡಿದ. “ನಾನು ಉಪ್ಪು ಹೊರೋನು ಅತ್ತಿಗೆ. ಗೇಟಿನವನು ನಮಸ್ಕಾರ ಕೂಡ ಹೇಳಲ್ಲ.”

“ಮುಖ ತೊಳ್ಕೊಂಡು ಬರ್ತೀನಿ,” ಎಂದು ಅವಳು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು.

ನಲ್ಲಿ ಬಿಡಲಿಲ್ಲ. ಕಿವಿಯನ್ನು ಬಾಗಿಲಿಗೆ ಒತ್ತಿ ನಿಂತಳು. ಹೊರಗೆ ಕುರ್ಚಿ ಸರಿಯಿತು. ಹೆಜ್ಜೆ ಅತ್ತ ಹೋಯಿತು, ಇತ್ತ ಬಂತು. ಗಾಜು ಯಾವುದಕ್ಕೋ ತಾಗಿತು. ಅಡುಗೆಮನೆಯ ನಲ್ಲಿ ಸುರಿಯಿತು, ನಿಂತಿತು. ಬೇಡ ಕಣೋ, ಬೇಡ, ಎಂದು ತುಟಿ ತಾನಾಗಿ ಅಲುಗಿತು. ಕಾರ್ಖಾನೆ ಹಾಳಾಗಿ ಹೋಗಲಿ, ನೀನು ಮಾತ್ರ ಆಗಬೇಡ.

ಹೊರಬಂದಾಗ ಅವನು ಅಡುಗೆಮನೆಯಲ್ಲಿದ್ದ, ಬೆನ್ನು ತಿರುಗಿಸಿ. ಅವಳು ಸದ್ದಿಲ್ಲದೆ ಬಾಗಿಲ ಬಳಿ ಹೋದಳು. ಚೀಲದಿಂದ ಶೀಸೆ ತೆಗೆದಳು. ಸೊನ್ನೆ ಸಾಹೇಬ ಕೊಟ್ಟಿದ್ದ ಕಾಗದ ಸೆರಗಿನ ಗಂಟಿನಲ್ಲಿತ್ತು. ಮುಚ್ಚಳ ತಿರುಗಿಸುವಾಗ ಕೈ ನಡುಗಿತು, ಥೇಟ್ ಆ ಟೈಲರ್ ಹೆಂಗಸಿನ ಕೈಯಂತೆ.

ಹನಿ ಬಿತ್ತು.

ಕೆಂಪು. ಕಣ್ಣಿಗೆ ಹೊಡೆಯುವಂಥ ಕೆಂಪು.

ಅವಳು ಗೋಡೆಗೆ ಒರಗಿ ಹಾಗೇ ನೆಲಕ್ಕೆ ಜಾರಿ ಕೂತಳು. ಅಳು ಒತ್ತರಿಸಿ ಬಂತು. ಮೈದುನ ಓಡಿ ಬಂದ, ಕೈಯಲ್ಲಿ ಸೌಟು. “ಅತ್ತಿಗೆ! ಏನಾಯ್ತು? ಒಲೆ ಹಚ್ಚಿರಲಿಲ್ಲ ನೀವು, ಕುಕ್ಕರಿಗೆ ನೀರೂ ಹಾಕಿರಲಿಲ್ಲ. ಅದಕ್ಕೆ ನಾನೇ… ಬೈಬೇಡಿ, ಒಂದು ಲೋಟ ಒಡೀತು.”

ಅವಳು ಅಳುತ್ತಲೇ ನಕ್ಕಳು. “ಎಲ್ಲಾ ಲೋಟಾನೂ ಒಡೆದು ಹಾಕೋ. ನಂಗೇನೂ ಬೇಜಾರಿಲ್ಲ.”

ಇಬ್ಬರೂ ಊಟಕ್ಕೆ ಕೂತರು. ಎಷ್ಟೋ ದಿನದ ಮೇಲೆ ಅವಳಿಗೆ ಹಸಿವಾಗಿತ್ತು. ಅವನು ಲಾರಿಯ ಕತೆ ಹೇಳುತ್ತಿದ್ದ, ಅವಳು ಅರ್ಧ ಕೇಳುತ್ತ ಅವನ ಎಡಗಣ್ಣನ್ನೇ ನೋಡುತ್ತಿದ್ದಳು. ಇವನಲ್ಲ. ಇವನಲ್ಲ ಅಂದರೆ ಡ್ರೈವರ್ರೇ ಇರಬೇಕು. ಅರಗನ್ನು ಮುಟ್ಟದೆಯೇ ದಾರಿಯಲ್ಲಿ ಎಲ್ಲೋ ಚೀಲಕ್ಕೆ ಕೈ ಹಾಕಿರಬೇಕು. ಆದರೆ ಜೀಪಿನಲ್ಲಿ ಚೀಲ ಇರುವುದು ಅವಳ ತೊಡೆಯ ಮೇಲೆ.

“ಒಂದು ಕೇಳ್ಲಾ ಅತ್ತಿಗೆ?” ಮೈದುನ ತಟ್ಟೆಯಿಂದ ತಲೆ ಎತ್ತಿದ. “ನೀವ್ಯಾಕೆ ಆ ಚೀಲಾನ ಯಾವಾಗ್ಲೂ ಬಾಗಿಲ ಹತ್ರಾನೇ ನೇತು ಹಾಕ್ತೀರಿ? ಜೀವ ಹೋದ್ರೂ ಚೀಲ ಬಿಡಲ್ಲ ಅಂತೀರಿ. ಮನೆಗೆ ಬಂದ್ರೆ ಮಾತ್ರ ಅದನ್ನ ಬಾಗಿಲು ಬಿಟ್ಟು ಒಳಗೆ ತರೋದೇ ಇಲ್ಲ.”

“ಅಭ್ಯಾಸ ಕಣೋ. ಲ್ಯಾಬಲ್ಲಿ ಹಾಗೆ. ಚೀಲ, ಚಪ್ಪಲಿ ಎಲ್ಲ ಹೊರಗಡೆ ಬಿಟ್ಟೇ ಒಳಗೆ…”

ಅವಳ ಮಾತು ಅಲ್ಲೇ ತುಂಡಾಯಿತು. ತುತ್ತು ಕೈಯಲ್ಲೇ ಉಳಿಯಿತು.

ಚೀಲ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಎಂದಿದ್ದಳಲ್ಲ. ಪ್ರತಿ ಸಲ ಬಿಡುತ್ತಿದ್ದಳು. ದೇವಸ್ಥಾನದ ಮುಂದೆ ಚಪ್ಪಲಿ ಬಿಟ್ಟದ್ದನ್ನು ಯಾರೂ ಲೆಕ್ಕವಿಡುವುದಿಲ್ಲ ನೋಡಿ, ಹಾಗೆ ಅವಳೂ ಅದನ್ನು ಬಿಡುವುದೆಂದು ಎಂದೂ ಎಣಿಸಿರಲಿಲ್ಲ. ಅವಳು ಒಳಗೆ ಯಂತ್ರದ ಮುಂದೆ ಕೂತಿರುತ್ತಿದ್ದಳು. ಚೀಲ ಹೊರಕೋಣೆಯ ಕೊಕ್ಕೆಯಲ್ಲಿ. ಅದೇ ಹೊರಕೋಣೆಯಲ್ಲಿ ಅವನು ಒಬ್ಬನೇ ಟೀ ಇಡುತ್ತಿದ್ದ.

ಟೀ ಕೊಡುವಾಗಲೂ ಕೈಗವಸು ತೆಗೆಯದ ಮನುಷ್ಯ. ಆ ರಬ್ಬರಿನ ಒಳಗೆ ಬೆರಳುಗಳು ಯಾವ ಬಣ್ಣದಲ್ಲಿವೆ?

ಅವಳು ಸಿಕ್ಕಿಹಾಕಿಸಿದಾಗ ಅವನು ಬೇಗ ಬೇಗ ನಿಜ ತೋರಿಸಿದ್ದ. ನಿಜ ತೋರಿಸಿ ಅವಳ ಬಾಯಿಂದಲೇ ಮೈದುನನ ಹೆಸರು ಹೊರಡಿಸಿದ್ದ. ಮನೆಗೆ ಕಳಿಸಿದ್ದ. ಕಪಾಟಿನ ಬಾಟ್ಲಿಗಳೆಲ್ಲ ಈಗ ಅವನ ಕೈಯಲ್ಲಿದ್ದವು. ಅವುಗಳ ಗೋಡೆಗೆ ಅಂಟಿದ್ದು ಬಿಟ್ಟರೆ ನಾಳೆ ತೋರಿಸಲು ಅವಳ ಬಳಿ ಬೇರೆ ಏನೂ ಇರಲಿಲ್ಲ.

ಎಂಜಲು ಕೈಯಲ್ಲೇ ಫೋನ್ ಎತ್ತಿದಳು. ಬಹಳ ಹೊತ್ತು ಗಂಟೆ ಬಾರಿಸಿತು.

“ಹೇಳು,” ಎಂದ ಸೊನ್ನೆ ಸಾಹೇಬ.

ಅವನ ದನಿಯ ಹಿಂದೆ ನಲ್ಲಿ ಧೋ ಎಂದು ಸುರಿಯುತ್ತಿತ್ತು. ಗಾಜಿಗೆ ಗಾಜು ತಾಗುವ ಸದ್ದು. ಒಂದು ಗುಟುಕು ಆಸಿಡ್ ಸಾಕಾಗುವ ಕೆಲಸಕ್ಕೆ ಅಷ್ಟೊಂದು ನೀರು ಬೇಕಿಲ್ಲವೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

“ಏನು ಮಾಡ್ತಿದೀಯ?”

“ನಿನ್ನ ಬಾಟ್ಲಿ ತೊಳೀತಿದೀನಿ.”

ಮೈದುನ ತಟ್ಟೆ ಬಿಟ್ಟು ಎದ್ದು ನಿಂತಿದ್ದ.

“ಅವನು ಅಲ್ಲ ಅಂತ ಗೊತ್ತಾಯ್ತಾ?” ಎಂದು ಕೇಳಿದ ಸೊನ್ನೆ ಸಾಹೇಬ. ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ಬಹಳ ದಣಿದವನ ದನಿ. “ನೀನು ಇಷ್ಟು ಬೇಗ ಫೋನ್ ಮಾಡ್ತೀಯ ಅಂದ್ಕೊಂಡಿರ್ಲಿಲ್ಲ.”

“ಯಾಕೋ? ಯಾರಿಗೋಸ್ಕರ ಮಾಡಿದೆ? ಆ ಕಾರ್ಖಾನೆಯೋರು ಏನು ಕೊಟ್ರು ನಿಂಗೆ?”

ನಲ್ಲಿ ನಿಂತಿತು.

“ಒಂದು ಉಳಿದಿದೆ,” ಎಂದ. “ಎಲ್ಲಾ ತೊಳೆದೆ, ಈ ಒಂದಕ್ಕೆ ಕೈ ಬರ್ತಾ ಇಲ್ಲ. ಎದುರಿಗಿಟ್ಕೊಂಡು ಕೂತಿದೀನಿ.”

ಅವಳ ಕಣ್ಣು ಬಾಗಿಲ ಬಳಿಯ ಚೀಲದತ್ತ ಹೋಯಿತು.

“ನೀನೊಬ್ಬಳೇ ಬರ್ತೀಯಾ?” ಎಂದ ಸೊನ್ನೆ ಸಾಹೇಬ. “ಟೀ ಇಡ್ತೀನಿ.”